ಮನುಷ್ಯರಿಲ್ಲದ ಗ್ರಹ

ಜ್ವಾಲಾಮುಖಿಯ ತಪ್ಪಲಿನ ಕಪ್ಪು ಬೂದಿಯ ಬಯಲು ಸಿನಿಮಾದಲ್ಲಿ ಬೇರೊಂದು ಗ್ರಹವಾಗಬೇಕಿತ್ತು. ಅಲ್ಲಿ ಒಂದೇ ಒಂದು ಹೆಜ್ಜೆಗುರುತು ಕಂಡರೂ ನಿರ್ದೇಶಕ ಕೂಗಾಡುತ್ತಿದ್ದ. ಹಾಗಾಗಿ ಪ್ರತಿ ಶಾಟಿಗೂ ಮುನ್ನ ಸೆಟ್ ಕೆಲಸದ ತಿಪ್ಪೇಶಿ ಹಿಂದಹಿಂದಕ್ಕೆ ನಡೆಯುತ್ತ, ತನ್ನ ಹೆಜ್ಜೆಗಳನ್ನೂ ಪೊರಕೆಯಿಂದ ಅಳಿಸುತ್ತ ಬರುತ್ತಿದ್ದ.

ಮಧ್ಯಾಹ್ನ ದಟ್ಟ ಮಂಜು ಕವಿಯಿತು.

"ಇದು ಸರಿಯೋಷ್ಟರಲ್ಲಿ ಎಲ್ಲಾ ರೆಡಿ ಇರ್ಬೇಕು," ಎಂದ ನಿರ್ದೇಶಕ.

ಮಂಜು ಸರಿದಾಗ ಮ್ಯಾನೇಜರ್ ಓಡಿಬಂದ.

"ಸಾರ್, ನಮ್ಮೋನೊಬ್ಬ ಕಾಣಿಸ್ತಿಲ್ಲ. ಆ ಕಡೆಯೆಲ್ಲ ನೆಲ ಬಾಯಿ ಬಿಟ್ಕೊಂಡಿದೆ."

"ಬೂದಿ ಅಲ್ವೇನ್ರೀ? ಹೆಜ್ಜೆ ನೋಡ್ಕೊಂಡು ಹೋಗಿ ಹುಡುಕಿ!"

"ಹೆಜ್ಜೆನೇ ಇಲ್ಲ ಸಾರ್."

"ಹಾರಿ ಹೋದ್ನಾ? ಯಾರ್ರೀ ಅವನು?"

ಮ್ಯಾನೇಜರ್ ಆ ಕಡೆಗೆ ಕೈ ತೋರಿಸಿದ. ಬಿರುಕಿನ ಅಂಚಿನವರೆಗೂ ಬೂದಿಯ ಮೇಲೆ ಪೊರಕೆಯ ಗೆರೆಗಳಷ್ಟೇ ಇದ್ದವು.