ಕೊಟ್ಟಿಗೆಯ ಹುಲಿ

ಎರಡು ಅಭಯಾರಣ್ಯಗಳ ನಡುವೆ ಪ್ರಾಣಿಗಳ ಓಡಾಟಕ್ಕೆಂದು ಬಿಟ್ಟ ಕಾಡುದಾರಿಯ ಅಂಚಿನಲ್ಲಿ ಅವರ ಮನೆ. ಹುಲಿ ಅವರ ಕೊಟ್ಟಿಗೆಯಲ್ಲೇ ಇದೆಯೆಂದು ಅರಣ್ಯ ಇಲಾಖೆಯ ಯಂತ್ರ ತೋರಿಸಿದ್ದರಿಂದ ಗಂಡ ಹೆಂಡತಿ ಎರಡು ದಿನದಿಂದ ಬಾಗಿಲು ಹಾಕಿಕೊಂಡು, ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಹಿತ್ತಲ ಕೊಟ್ಟಿಗೆಯಲ್ಲಿ ಎಮ್ಮೆ ಕೂಗುತ್ತಲೇ ಇತ್ತು.

"ಎಮ್ಮೆ ಪಕ್ಕದಲ್ಲಿ ಕೂತು ಹುಲಿ ಏಕಾದಶಿ ಮಾಡ್ತೈತಾ? ಕೆಚ್ಚಲು ಬಿರೀತೈತೆ, ಹಾಲು ಕರೀಬೇಕು," ಎಂದಳು ಅವಳು.

"ಯಂತ್ರಕ್ಕಿಂತ ನಿಂಗೆ ಗೊತ್ತಾ? ಸುಮ್ಕಿರಮ್ಮಿ," ಎಂದ ಗಂಡ.

ತಡೆಯಲಾರದೆ ಅವಳು ಚೊಂಬು ಹಿಡಿದು ಓಡಿದಳು. ಜೀಪಿನಲ್ಲಿ ಕಾಯುತ್ತಿದ್ದ ಅಧಿಕಾರಿ ಕೂಗುತ್ತ, ಬಂದೂಕು ಹಿಡಿದು ಹಿಂದೆಯೇ ಬಂದ. ಕೊಟ್ಟಿಗೆಯಲ್ಲಿ ಎಮ್ಮೆ ಬಿಟ್ಟರೆ ಇನ್ನೊಂದು ಪ್ರಾಣಿ ಇರಲಿಲ್ಲ. ಅವನ ಕಣ್ಣು ಎಮ್ಮೆಯ ಕೊರಳ ಮೇಲೆ ನಿಂತಿತು.

"ಈ ಪಟ್ಟಿ ಎಲ್ಲಿತ್ತು?"

"ಮೊನ್ನೆ ಹಳ್ಳದ ದಂಡೇಲಿ ಸಿಕ್ತು ಸಾ. ಗಟ್ಟಿಯಾಗೈತೆ ಅಂತ ಕಟ್ದೆ," ಎಂದ ಗಂಡ, ಮನೆಯ ಹಿತ್ತಲ ಬಾಗಿಲಲ್ಲೇ ನಿಂತು.

"ಅಯ್ಯೋ, ಹುಲಿ ಕೊರಳಿಗೆ ನಾವು ಕಟ್ಟಿದ್ದು ಕಣಯ್ಯ ಇದು! ಯಂತ್ರಕ್ಕೆ ಗೊತ್ತಾಗೋದೇ ಈ ಪಟ್ಟಿಯಿಂದ."

ಅವಳಿಗೆ ನಗು ತಡೆಯಲಾಗಲಿಲ್ಲ. "ಹಂಗಾರೆ ನಿಮ್ಮ ಹುಲಿ ಎಲ್ಲೈತೆ ಸಾ?"

ಅಧಿಕಾರಿ ಕೈಯಲ್ಲಿದ್ದ ಯಂತ್ರವನ್ನೊಮ್ಮೆ, ಬೇಲಿಯಾಚೆಯ ಪೊದೆಗಳನ್ನೊಮ್ಮೆ ನೋಡಿದ.

"ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಮ್ಮ," ಎಂದ.