ತಂಬೂರಿಯೇ ಇಲ್ಲದ ‘ಸ್ಟುಡಿಯೋ ಕ್ವಾಲಿಟಿ’

ಇಯರ್‌ಫೋನ್ ತೆಗೆದಿಟ್ಟು ಎರಡು ನಿಮಿಷ ಓದಿ...

ಪ್ರಣೀತ್ ಒಂದು ಮ್ಯೂಸಿಕ್ ಆ್ಯಪ್ ಕಂಪನಿಯ ಕ್ವಾಲಿಟಿ ಮ್ಯಾನೇಜರ್. ಯಾವ ದೂರು ಬಂದರೂ ಅವನ ಹತ್ತಿರ ಒಂದೇ ಉತ್ತರ ರೆಡಿ... “ನಮ್ಮದು ಸ್ಟುಡಿಯೋ ಕ್ವಾಲಿಟಿ. ದಯವಿಟ್ಟು ನಿಮ್ಮ ಹೆಡ್‌ಫೋನ್ ಬದಲಾಯಿಸಿ.”

ಹಾಡು ಕೇಳಿ ಉತ್ತರ ಬರೆಯುವ ಕಷ್ಟ ಆ ಮಹಾನುಭಾವನಿಗೆ ಯಾಕೆ ಬೇಕು?

ಧಾರವಾಡದ ಗೋದಾಬಾಯಿ ಎಂಬ ಎಪ್ಪತ್ತೆಂಟರ ಅಜ್ಜಿಗೆ ಈ ಉತ್ತರ ಹನ್ನೊಂದು ಸಲ ಹೋಗಿತ್ತು. ಹಳೇ ಕ್ಯಾಸೆಟ್‌ನ ಒಂದು ಹಾಡು ಪ್ರೀಮಿಯಂ ಪ್ಲಾನ್‌ನಲ್ಲಿ ಪೂರ್ತಿ ಇಲ್ಲ, ಅದರಲ್ಲಿ ತಂಬೂರಿಯೇ ಕೇಳಿಸುವುದಿಲ್ಲ ಎಂಬುದು ಅವರ ದೂರು.

ಹನ್ನೆರಡನೇ ಸಲ ಅವರು ಕಂಪನಿಗೆ ಬರೆಯಲಿಲ್ಲ... ನೇರವಾಗಿ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರು.

ವಿಚಾರಣೆಯ ದಿನ ಪ್ರಣೀತ್ ದುಬಾರಿ ಸ್ಪೀಕರ್ ಹಿಡಿದು ಬಂದ. ಅಜ್ಜಿಯ ಟೇಪ್ ರೆಕಾರ್ಡರ್ ನೋಡಿ ಕಿಸಕ್ಕನೆ ನಕ್ಕ.

“ಈ ವಯಸ್ಸಲ್ಲಿ ಕಿವಿ ಮಂದ ಆಗೋದು ಸಹಜ ಅಜ್ಜಿ. ನೀವೇನು ಸೌಂಡ್ ಎಕ್ಸ್‌ಪರ್ಟಾ?”

ಗೋದಾಬಾಯಿ ಟೇಪ್ ಒತ್ತಿದರು... ಗಾಯಕರ ದನಿ, ಅದರ ಕೆಳಗೆ ಎಡೆಬಿಡದೆ ತಂಬೂರಿ.

ಆಮೇಲೆ ಆ್ಯಪ್ ಹಾಕಿದರು. ಗಾಯಕರೊಬ್ಬರೇ... ತಂಬೂರಿ ಮಾಯ!

ಆಯೋಗದ ಅಧ್ಯಕ್ಷರು ಕನ್ನಡಕ ತೆಗೆದರು. “ಎಲ್ಲಿ ಹೋತ್ರೀ ಅದು?”

ಪ್ರಣೀತ್ ತೊದಲಿದ. “ಸಾಫ್ಟ್‌ವೇರ್ ಸರ್... ಹಿಂದೆ ಒಂದೇ ಸಮ ಗುಂಯ್ ಅನ್ನೋ ಸದ್ದಿದ್ರೆ ನಾಯ್ಸ್ ಅಂತ ತೆಗೆದುಬಿಡುತ್ತೆ...”

“ಹನ್ನೊಂದು ಸಲ ಉತ್ತರ ಕೊಟ್ಟೀರಿ. ಒಮ್ಮೆಯಾದ್ರೂ ಈ ಹಾಡು ಕೇಳೀರೇನು?”

ದೊಡ್ಡ ಬಾಯಿಯ ದೊಡ್ಡ ಮನುಷ್ಯ ತನ್ನ ದುಬಾರಿ ಸ್ಪೀಕರ್‌ನ ವೈರು ಸುತ್ತತೊಡಗಿದ.

ಗೋದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆ ನಾಯ್ಸ್ ಅಂದ್ರ ನಾನ್ರೀ ಸಾಹೇಬ್ರ... ಹಿಂದ ಕುಂತು ತಂಬೂರಿ ನುಡಿಸಿದಾಕಿ. ಕ್ಯಾಸೆಟ್ ಮ್ಯಾಲ ನನ್ನ ಹೆಸರು ಹಾಕಲಿಲ್ಲ, ಹೋಗ್ಲಿ ಬಿಡ್ರಿ... ಹಾಡಿನೊಳಗಾದ್ರೂ ಇದ್ದೆ.”

ಅಧ್ಯಕ್ಷರು ಪೆನ್ನು ಕೈಗೆತ್ತಿಕೊಂಡರು. “ಏನು ಪರಿಹಾರ ಬೇಕು, ಹೇಳ್ರಿ ಅಜ್ಜಿ.”

“ಪರಿಹಾರ ಬ್ಯಾಡ್ರೀ... ನನ್ನನ್ನ ತಿರುಗಿ ಒಳಗ ಕೂಡಸ್ರಿ, ಸಾಕು.”

ಅವತ್ತು ಊರಿಗೆ ಮರಳುವ ದಾರಿಯಲ್ಲಿ ಪ್ರಣೀತ್ ಮೊದಲ ಸಲ ಒಂದು ಹಾಡನ್ನು ಪೂರ್ತಿ ಕೇಳಿದ... ಕಣ್ಣೀರನ್ನೂ ಹಾಕಿದನಂತೆ.

ಹಾಕಲಿ ಬಿಡಿ. ಹನ್ನೊಂದು ಪತ್ರ ತಡವಾಗಿ ಬಂದ ಕಣ್ಣೀರು!

*ಕಿವಿಗೊಡದವನ ಬಾಯಲ್ಲಿ ಕ್ವಾಲಿಟಿಯ ಮಾತು ಬರಬಾರದು.*

ನಿಮ್ಮ ಹಾಡಿನ ಹಿಂದೆ ಕುಳಿತು ತಂಬೂರಿ ನುಡಿಸುತ್ತಿರುವವರು ಯಾರು...? ಅವರನ್ನು ನೀವೂ ಗದ್ದಲವೆಂದು ಅಳಿಸಿಹಾಕಿಲ್ಲ ತಾನೇ?