ಗೇಟಿನ ಮೇಲೆ ಮೂರು ಗೆರೆ

ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದಿದ್ದ ಮೂರು ಉದ್ದ ಗೆರೆಗಳನ್ನು ಬ್ರೋಕರಮ್ಮ ಒದ್ದೆ ಬಟ್ಟೆಯಿಂದ ಉಜ್ಜಿ ಮುಗಿಸುವುದಕ್ಕೂ ಮನೆ ನೋಡುವವರ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಬಟ್ಟೆಯನ್ನು ಕೈಚೀಲಕ್ಕೆ ತುರುಕಿ, ಮುಖಕ್ಕೆ ನಗು ತಂದುಕೊಂಡು ಗಡಿಯಾರ ನೋಡಿದಳು. ಮೂರೂವರೆ! ಬೆಳಿಗ್ಗೆ ಹತ್ತಕ್ಕೆ ಬರಬೇಕಿದ್ದವರು. ನಾಲ್ಕಕ್ಕೆ ಮೂಲೆಯ ಶಾಲೆ ಬಿಡುತ್ತದೆ. ಆಮೇಲೆ ಈ ಬೀದಿಯೇ ಕ್ರಿಕೆಟ್ ಮೈದಾನ, ಈ ಮನೆಯ ಗೇಟೇ ಅದರ ವಿಕೆಟ್ಟು.

ಸ್ವಂತ ಬೋರ್ಡು ಹಾಕಿಕೊಂಡ ಮೇಲೆ ಮಾರಿಕೊಡಲು ಅವಳ ಕೈಗೆ ಬಂದ ಮೊದಲ ಮನೆ ಇದು. ಊರ ನಡುವೆ ಇದೆ, ಶಾಲೆ ಹತ್ತಿರ, ಪಾರ್ಕು ಹತ್ತಿರ, ಹೇಳಿಕೊಳ್ಳಲು ಏನು ಕಡಿಮೆ? ಆದರೂ ಸಂಜೆ ಹೊತ್ತು ನೋಡಲು ಬಂದ ಆರು ಸಂಸಾರಗಳೂ ಗದ್ದಲಕ್ಕೆ ಹೆದರಿ ಕಾಲ್ಕಿತ್ತಿದ್ದವು. ಅಂದಿನಿಂದ ಗೆರೆ ಅಳಿಸದೆ, ಬೆಳಿಗ್ಗೆ ಹತ್ತಕ್ಕಲ್ಲದೆ ಬೀಗ ತೆಗೆದವಳಲ್ಲ. ಇವತ್ತೂ ಕುದುರದಿದ್ದರೆ ನಾಳೆಯಿಂದ ಬೇರೆ ಬ್ರೋಕರು ಎಂದು ಮಾಲೀಕರು ಫೋನಿನಲ್ಲಿ ಗುಡುಗಿದ್ದರು.

ಬಂದವರು ಅತ್ತೆ, ಸೊಸೆ, ಸೊಸೆಯ ಕಂಕುಳಲ್ಲೊಂದು ಕೂಸು. ಅಮ್ಮ ಹೂಂ ಅಂದರೆ ಸಾಕು ಎಂದು ಮಗ ಮೊದಲೇ ಹೇಳಿಬಿಟ್ಟಿದ್ದ. ಆದರೆ ಅಮ್ಮ ಹೂಂ ಅನ್ನುವ ಜಾತಿಯವರಲ್ಲ. ಅಡುಗೆಮನೆ ಇಕ್ಕಟ್ಟು ಅಂದರು. ಮೆಟ್ಟಿಲು ಕಡಿದು ಅಂದರು. ಬಚ್ಚಲಿನ ನಲ್ಲಿ ತಿರುಗಿಸಿ, ಅದು ಸೋರಲಿಲ್ಲವೆಂದು ಮುಖ ಸಿಂಡರಿಸಿದರು. ಬ್ರೋಕರಮ್ಮ ಒಂದು ಕಣ್ಣು ಗಡಿಯಾರದ ಮೇಲಿಟ್ಟು ಅವರನ್ನು ಕೋಣೆಯಿಂದ ಕೋಣೆಗೆ ಓಡಿಸಿದಳು.

"ಏನಮ್ಮಾ, ಕುದುರೆ ಮೇಲೆ ಬಂದೋರ ಹಾಗೆ ಆಡ್ತೀಯಲ್ಲ!"

"ಹಾಗೇನಿಲ್ಲಮ್ಮಾ, ನಿಮಗೆ ಹೊತ್ತಾಗತ್ತೆ ಅಂತ."

"ಬೀದಿ ಹೇಗೆ? ಗಲಾಟೆ ಗಿಲಾಟೆ?"

"ಅಯ್ಯೋ, ಸೂಜಿ ಬಿದ್ದರೂ ಕೇಳಿಸತ್ತೆ!"

ಬಿದ್ದದ್ದು ಸೂಜಿಯಲ್ಲ, ಚೆಂಡು. ಗೇಟು ಧಡಾರೆಂದು ಅದುರಿತು. ಹಿಂದೆಯೇ ಇಪ್ಪತ್ತು ಗಂಟಲುಗಳು ಒಟ್ಟಿಗೆ ಕಿರುಚಿದವು.

"ಔಟ್!"

"ಔಟಲ್ಲ! ಗೆರೆ ಎಲ್ಲಿದೆ ತೋರಿಸೇ!"

ಗೆರೆ ಬ್ರೋಕರಮ್ಮನ ಕೈಚೀಲದಲ್ಲಿ, ಒದ್ದೆ ಬಟ್ಟೆಯೊಳಗೆ ಹೋಗಿ ಸೇರಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ದುಸುಮುಸು ಎನ್ನುತ್ತ ಹೊರಗೆ ನಡೆದರು. ಬ್ರೋಕರಮ್ಮ ಕಿಟಕಿಗೆ ಓಡಿದಳು. ಮುಗಿಯಿತು, ಇನ್ನು ಬೋರ್ಡು ಇಳಿಸುವುದೊಂದೇ ಬಾಕಿ.

"ಬಾಯಿ ಮುಚ್ರೋ ಎಲ್ರೂ!" ಬೀದಿ ಗಪ್‌ಚಿಪ್. ಅತ್ತೆ ಬಗ್ಗಿ, ಕನ್ನಡಕ ಏರಿಸಿ, ಇನ್ನೂ ಆರದ ಗೇಟಿನ ಮೇಲೆ ಅಂಟಿದ್ದ ದುಂಡನೆಯ ಮಣ್ಣಿನ ಗುರುತನ್ನು ಬೆರಳಿನಿಂದ ಅಳೆದರು. "ನಡುಮಧ್ಯ ಬಿದ್ದಿದೆ. ಔಟು! ಬ್ಯಾಟ್ ಕೊಟ್ಟು ಆಚೆ ನಡಿ."

"ಅಜ್ಜೀ, ಒಂದೇ ಒಂದು ಬಾಲ್..."

"ಅಂಪೈರ್ ಹತ್ರ ವಾದಾನಾ? ಏಯ್ ಜಡೆಯವಳೇ, ನೀನೂ ಅಷ್ಟೇ, ಬೌಲಿಂಗ್ ಗೆರೆ ದಾಟಿ ನಿಂತಿದೀಯ. ನೋಡ್ತಾ ಇದೀನಿ. ಅಲ್ಲಿಂದ ಬಾಲ್ ಹಾಕಿದ್ರೆ ನೋಬಾಲ್!"

ಕಿಟಕಿಯಲ್ಲಿ ನಿಂತಿದ್ದ ಸೊಸೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ಸುಳ್ಳು ಹೇಳಿದೆ, ತಪ್ಪಾಯ್ತು," ಎಂದಳು ಬ್ರೋಕರಮ್ಮ ಮೆಲ್ಲಗೆ. "ದಿನಾ ಹೀಗೇ ಇಲ್ಲಿ."

"ದಿನಾನಾ? ನಿಜವಾಗ್ಲೂ?" ಸೊಸೆ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅಕ್ಕಾ, ನಾವಿರೋದು ಹನ್ನೊಂದನೇ ಮಹಡಿ. ಅಲ್ಲಿ ಅತ್ತೆಗೆ ತಪ್ಪು ಹುಡುಕೋಕೆ ಸಿಗೋಳು ನಾನೊಬ್ಬಳೇ. ಈ ಮನೇನ ದಯವಿಟ್ಟು ಬೇರೆ ಯಾರಿಗೂ ತೋರಿಸಬೇಡಿ!"

ಎರಡು ತಿಂಗಳ ಮೇಲೆ, ಪಕ್ಕದ ಮನೆಯೂ ಮಾರಾಟಕ್ಕೆ ಬಂದು, ಬ್ರೋಕರಮ್ಮ ಬೆಳಿಗ್ಗೆ ಹತ್ತಕ್ಕೇ ಆ ಬೀದಿಗೆ ಹೋದಳು. ಗಿರಾಕಿಗಳು ಬರುವ ಮೊದಲು ಅಭ್ಯಾಸಬಲದಿಂದ ತಾನು ಮಾರಿಕೊಟ್ಟ ಮನೆಯ ಗೇಟಿನ ಮುಂದೆ ನಿಂತು, ಒದ್ದೆ ಬಟ್ಟೆ ತೆಗೆದು ಮೂರು ಗೆರೆಗಳನ್ನು ಉಜ್ಜಿದಳು. ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಉಜ್ಜಮ್ಮಾ, ಚೆನ್ನಾಗಿ ಉಜ್ಜು," ಎಂದರು ಒಳಗಿನಿಂದ, ಕುತ್ತಿಗೆಯಲ್ಲಿ ಸೀಟಿ ತೂಗಿಸಿಕೊಂಡಿದ್ದ ಅತ್ತೆ. "ಆಯಿಲ್ ಪೇಂಟ್ ಅದು."